ಪೂರಾ ಬಂದದ

ಗೋಡೆಯ ಮೇಲಿದ್ದ ಫೋಟೋದ ಮನುಷ್ಯನ ಜೊತೆ ತಾನು ಇಷ್ಟು ವರ್ಷ ಸಂಸಾರ ಮಾಡಿದೆ ಅಂದರೆ ಸೌಭಾಗ್ಯಳಿಗೇ ನಂಬಿಕೆ ಬರುತ್ತಿರಲಿಲ್ಲ. ಫ್ಯಾಕ್ಟರಿಯ ಗೇಟ್ ಪಾಸಿನಲ್ಲಿದ್ದ ಫೋಟೋ ಅದು. ಪ್ರಭುದೇವ ತೀರಿಕೊಂಡ ದಿನ ಗಡಿಬಿಡಿಯಲ್ಲಿ ಮೈದುನ ಅಪ್ಪಾಸಾಹೇಬ ಅದನ್ನೇ ಒಯ್ದು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ್ದ. ದೊಡ್ಡದಾಗುತ್ತ ಮುಖ ಮಸುಕಾಗಿತ್ತು, ಕಣ್ಣುಗಳು ಎರಡು ಕರಿ ಚುಕ್ಕೆಗಳಾಗಿದ್ದವು. ಸಾಲದ್ದಕ್ಕೆ ಸ್ಟುಡಿಯೋದವನು ತನ್ನ ಜಾಣತನ ತೋರಿಸಿ ಕೋಟು-ಟೈ ಬೇರೆ ತೊಡಿಸಿದ್ದ. ಚುನಾವಣೆಯಲ್ಲಿ ಠೇವಣಿ ಕಳಕೊಂಡ ಯಾರೋ ಪುಢಾರಿಯ ಹಾಗೆ ಕಾಣುತ್ತಿದ್ದ. ಜೀವಮಾನದಲ್ಲಿ ಒಂದು ದಿನ ಟೈ ಕಟ್ಟಿದವನಲ್ಲ ಪ್ರಭುದೇವ. ಸೌಭಾಗ್ಯ ದಿನಾ ಬೆಳಿಗ್ಗೆ ಆ ಟೈ ಮನುಷ್ಯನಿಗೆ ವಿಭೂತಿ ಹಚ್ಚಿ ಹೂವು ಏರಿಸಿ ಅಡಿಗೆಮನೆಗೆ ಹೋಗುತ್ತಿದ್ದಳು.

ಅವಳಿಗೆ ಅಳು ಬಂದಿರಲಿಲ್ಲ. ಆ ದಿನವೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಡೊಂಬಿವಲಿಯ ಆ ಬಿಲ್ಡಿಂಗಿನ ಹೆಂಗಸರು ಅವಳನ್ನು ಅಪ್ಪಿಕೊಂಡು ಅಳಿಸಲು ಕಾದು ಕಾದು ಸಾಕಾಗಿ, ಕಡೆಗೆ ಮೂಗು ಮುರಿದು ಸುಮ್ಮನಾದರು. ಕಲ್ಲೆದೆ ಅಂದರು. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ, ಇವಳಿಗೆ ಅದೂ ಇರಲಿಲ್ಲ. ಅನ್ನ ಮಾಡು ಅಂದರೆ ಮಾಡುತ್ತಿದ್ದಳು, ಸಹಿ ಹಾಕು ಅಂದರೆ ಹಾಕುತ್ತಿದ್ದಳು, ಮಲಗು ಅಂದರೆ ಮಲಗುತ್ತಿದ್ದಳು.

ವರ್ಷ ತುಂಬುತ್ತ ಬಂತು. ಮೊದಲ ಪುಣ್ಯಸ್ಮರಣೆಯ ಮಾತಾಡಲು ಅಪ್ಪಾಸಾಹೇಬ ವಿಠ್ಠಲವಾಡಿಯಿಂದ ಮಗಳು ಮಾನಸಿಯನ್ನು ಕರಕೊಂಡು ಬಂದ. ಬಟ್ಟೆ ಅಂಗಡಿಯ ಮನುಷ್ಯ, ಎಲ್ಲವೂ ನಾಲ್ಕು ಜನರ ಕಣ್ಣಿಗೆ ಕಾಣುವ ಹಾಗೆ ಆಗಬೇಕು.

"ವೈನಿ, ಆ ಫೋಟೋ ಛಲೋ ಇಲ್ಲ. ಅಣ್ಣಾಂದು ಬ್ಯಾರೇ ಒಂದು ಕೊಡ್ರಿ. ಬ್ಯಾನರ್ ಮಾಡಸೂದದ," ಅಂದ.

ಎಲ್ಲಿಂದ ತರುವುದು? ಪ್ರಭುದೇವನಿಗೆ ಕ್ಯಾಮೆರಾದ ಹುಚ್ಚು. ಕೆರೆ, ರೈಲು, ಮಂದಿಯ ಮದುವೆ, ಬಾಗಿಲ ರಂಗೋಲಿ, ಮೆಂತ್ಯ ಸೋಸುತ್ತ ಕೂತ ಹೆಂಡತಿ, ಕಂಡದ್ದನ್ನೆಲ್ಲ ಹಿಡಿಯುತ್ತಿದ್ದ. ಹಿಡಿದದ್ದನ್ನೆಲ್ಲ ಕಂಪ್ಯೂಟರಿನಿಂದ ಒಂದು ಫೋಟೋ ಸೈಟಿಗೆ ಏರಿಸುತ್ತಿದ್ದ. ಮುಂದೆ ಹಾರ್ಡ್ ಡಿಸ್ಕ್ ಕೈಕೊಟ್ಟು ಮನೆಯಲ್ಲಿದ್ದ ಫೋಟೋಗಳೆಲ್ಲ ಹೋದಾಗ, ಹೊಸದು ಹಾಕಿಸುತ್ತ, "ಮನೀಗೆ ಬೆಂಕಿ ಬಿದ್ರೂ ಸೈಟಿನ್ಯಾಗಿನವು ಸುಡಂಗಿಲ್ಲ ನೋಡು," ಅಂತ ಎದೆ ಉಬ್ಬಿಸಿದ್ದ. ಆದರೆ ಕ್ಯಾಮೆರಾ ಹಿಡಿದವನು ಫೋಟೋದಲ್ಲಿ ಬರುವುದು ಹೇಗೆ? ಅಷ್ಟೊಂದು ಫೋಟೋಗಳಲ್ಲಿ ಅವನಿದ್ದದ್ದು ಒಂದೇ ಒಂದರಲ್ಲಿ. ಠಾಣೆಯ ಕೆರೆಯ ದಂಡೆಯಲ್ಲಿ ಅವಳ ಕೈಗೆ ಕ್ಯಾಮೆರಾ ಕೊಟ್ಟು ಅವನೇ ತೆಗೆಸಿಕೊಂಡದ್ದು.

"ಆ ಸೈಟಿನ್ಯಾಗ ಒಂದದ," ಅಂದಳು ಸೌಭಾಗ್ಯ.

ಮಾನಸಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. "ಕಾಕೂ, ವೋ ಸೈಟ್ ತೋ ಬಂದ್ ಹೋ ರಹೀ ಹೈ. ಇಸೀ ಮಹೀನೇ," ಅಂದಳು. ಆ ಸೈಟೇ ಈ ತಿಂಗಳು ಮುಚ್ಚುತ್ತದಂತೆ. ಪಾಸ್‌ವರ್ಡು ಏನು ಅಂತ ಕೇಳಿದಳು. ಸೌಭಾಗ್ಯಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಹೋಗಿದ್ದ, ಇನ್ನು ಆ ಕಂಪ್ಯೂಟರಿಗೆ ಮಾತ್ರ ನೆನಪಿತ್ತು. ಬೇರೆ ಎಲ್ಲಿಂದಲೂ ತೆರೆಯುವ ಹಾಗಿರಲಿಲ್ಲ. ವರ್ಷದಿಂದ ಮುಟ್ಟದ ಕಂಪ್ಯೂಟರಿನ ಧೂಳು ಒರೆಸಿ ಮಾನಸಿ ಚಾಲೂ ಮಾಡಿದಳು. ಸೈಟಿನ ಹೆಸರು ಒತ್ತಿದರೆ, ಪುಟ ತೋರಿಸಲು ಆಗುವುದಿಲ್ಲ ಅಂತ ಬಿಳಿ ಹಾಳೆ ಬಂತು. ಬೇರೆ ಕೆಲವು ಪುಟ ತೆರೆಯುತ್ತಿದ್ದವು, ಇದು ಮಾತ್ರ ಜಪ್ಪಯ್ಯ ಅಂದರೂ ಇಲ್ಲ. "ಪೀಸೀ ಹೀ ಖರಾಬ್ ಹೈ," ಕಂಪ್ಯೂಟರೇ ಕೆಟ್ಟಿದೆ ಅಂತ ಹುಡುಗಿ ಕೈತೊಳಕೊಂಡು ಪುಣೆಯ ಹಾಸ್ಟೆಲ್ಲಿಗೆ ಹೋದಳು.

ಪಕ್ಕದ ಮನೆಯ ಜಯಶೀಲ ಕರಾವಳಿಯ ಕಡೆಯವಳು. ಅವಳ ತಂಗಿಯ ಮಗ ಯಶ್ವಂತ ಕೋಪರಖೈರಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ. ನಂಬರು ಕೊಟ್ಟಳು. ಅಂಗಡಿಗೆ ಅವನೊಬ್ಬನೇ, ಸುಮ್ಮಸುಮ್ಮನೆ ಡೊಂಬಿವಲಿಯ ಕಡೆ ಕಾಲಿಡಲು ಅಂಗಡಿಯ ಸೇಠ್ ಬಿಡುವುದಿಲ್ಲ. ಫೋನಿನಲ್ಲೇ ಹೇಳುತ್ತೇನೆ ಅಂದ.

"ಟೆನ್ಶನ್ ಮಾಡ್ಬೇಡಿ ಅಕ್ಕ. ನಾನು ಹೇಳಿದ ಹಾಗೆ ಮಾಡಿ. ಪೇಜ್ ಒಂದು ಬಂದ್ರೆ ಸಾಕು, ಮತ್ತೆ ಹೇಗಾದ್ರೂ ರಜೆ ಕೇಳಿ ನಾನೇ ಬಂದು ಎಲ್ಲ ಫೋಟೋ ಸಿಡಿಗೆ ಹಾಕಿ ಕೊಡ್ತೇನೆ."

ಅವನು ಹೇಳಿದ, ಅವಳು ಮಾಡಿದಳು. ಮೋಡೆಮ್ಮಿನ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಹಸಿರು ದೀಪ ಹತ್ತಿದೆಯಾ ಅಂದರೆ ಹತ್ತೇದ ಅಂದಳು. ಕಂಪ್ಯೂಟರ್ ಆರಿಸಿ ಹಚ್ಚಿದಳು. ವೈರಸ್ ಹುಡುಕುವ ಪ್ರೋಗ್ರಾಮು ಓಡಿಸಿ, ಅದು ಓಡುವಷ್ಟು ಹೊತ್ತೂ ಮುಂದೆ ಕೂತಳು. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಫೋನು ಮಾಡಿ, "ಬಂತಾ ಅಕ್ಕ?" ಅನ್ನುವನು. "ಬರವಲ್ದು," ಅನ್ನುವಳು. ಬೇಜಾರು ಇರಲಿಲ್ಲ, ಆಸೆಯೂ ಇರಲಿಲ್ಲ. ಆ ಫೋಟೋ ಹೋದರೆ ಗಂಡನ ಮುಖ ಅಂತ ಉಳಿಯುವುದು ಗೋಡೆಯ ಮೇಲಿನ ಟೈ ಮನುಷ್ಯನದೇ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಒಳಗೆ ಎಲ್ಲೂ ನಾಟುತ್ತಿರಲಿಲ್ಲ, ಅಷ್ಟೇ.

ತಿಂಗಳ ಕೊನೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಯಶ್ವಂತನಿಗೆ ಏನೋ ಹೊಳೆಯಿತು.

"ಅಕ್ಕ, ಕೆಳಗೆ ಬಲಗಡೆ ಮೂಲೆಯಲ್ಲಿ ಗಂಟೆ ಉಂಟಲ್ಲ, ಅದರ ಮೇಲೆ ಬಾಣ ಇಡಿ. ತಾರೀಕು ಎಂತ ತೋರಿಸ್ತದೆ?"

"ಜನವರಿ ಒಂದು. ಎರಡು ಸಾವಿರದ ಎರಡು."

"ಅಯ್ಯೋ ಮಾರಾಯ್ರೆ, ಅದೇ ನೋಡಿ! ಒಳಗಿನ ಸೆಲ್ ಸತ್ತಿದೆ. ಆರಿಸಿದ ಕೂಡಲೇ ಅದು ಹಳೇ ತಾರೀಕಿಗೆ ಹೋಗ್ತದೆ. ತಾರೀಕು ತಪ್ಪಿದ್ರೆ ಆ ಸೈಟ್ ಒಳಗೆ ಬಿಡುದಿಲ್ಲ. ಸರಿ ಮಾಡಿ."

ಅಂದರೆ ಈ ಕಂಪ್ಯೂಟರಿನ ಲೆಕ್ಕದಲ್ಲಿ ಪ್ರಭುದೇವ ಇನ್ನೂ ಇದ್ದ. ಈಗ ಸಂಜೆ ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡುವಾಗಲೇ ಚಹಾ ಕೇಳಬೇಕು. ಸೌಭಾಗ್ಯ ಇಸವಿಯ ಪಕ್ಕದ ಪುಟ್ಟ ಬಾಣವನ್ನು ಒತ್ತುತ್ತ ಹೋದಳು. ಒಂದೊಂದು ಒತ್ತಿಗೆ ಒಂದೊಂದು ವರ್ಷ. ಅವನು ಹೋದ ವರ್ಷ ಬಂದಾಗ ಬೆರಳು ನಿಲ್ಲಬೇಕಿತ್ತೋ ಏನೋ, ನಿಲ್ಲಲಿಲ್ಲ. ಅದನ್ನೂ ದಾಟಿ ಎರಡು ಸಾವಿರದ ಹನ್ನೊಂದಕ್ಕೆ ಬಂದು, ತಿಂಗಳು ತಾರೀಕನ್ನೂ ಸರಿಮಾಡಿ, ಸೈಟಿನ ಹೆಸರನ್ನು ಮತ್ತೆ ಒತ್ತಿದಳು.

ಬಿಳಿ ಹಾಳೆ ಬರಲಿಲ್ಲ. ಮೇಲೆ ಪ್ರಭುದೇವನ ಹೆಸರು ಬಂತು. ಅದರ ಕೆಳಗೆ ಉಗುರಿನಷ್ಟು ಉಗುರಿನಷ್ಟು ಫೋಟೋಗಳು ಸಾಲು ಸಾಲಾಗಿ ತೆರೆದುಕೊಂಡವು.

ಫೋನಿನಲ್ಲಿ ಅಂಗಡಿಯ ಗದ್ದಲ. ಯಾರೋ ಗಿರಾಕಿ ಹಿಂದಿಯಲ್ಲಿ ಕೂಗಾಡುತ್ತಿದ್ದ. "ಎಂತ ಆಯ್ತು ಅಕ್ಕ ಸೈಟು?" ಅಂದ ಯಶ್ವಂತ.

"ಬಂದದ," ಅಂದಳು.

ಅವನ ದನಿ ಇಳಿಯಿತು. "ಪೂರಾ ಬಂದಾ?"

"ಹೂಂರಿ. ಪೂರಾ ಬಂದದ."

"ಹ್ಞಾಂ. ಹಾಗಾದ್ರೆ ಮುಗೀತು ಅಕ್ಕ. ಇನ್ನು ಮಾಡ್ಲಿಕ್ಕೆ ಏನಿಲ್ಲ."

"ಭಾಳ ಉಪಕಾರ ಆತ್ರಿ," ಅಂದಳು.

"ಛೆ, ಉಪಕಾರ ಎಂತದು. ಕಡೆಗೊಂದು ಮಾಡಿ. ಮೇಲೆ ಟೂಲ್ಸ್ ಅಂತ ಉಂಟಲ್ಲ, ಅದ್ರಲ್ಲಿ ಡಿಲೀಟ್ ಅಂತ ಬರ್ತದೆ, ಕೊಟ್ಟುಬಿಡಿ. ಹಳೇ ಕಚಡಾ ಎಲ್ಲ ಹೋಗ್ತದೆ. ಒಂದು ಸಲ ಆ ಕಡೆ ಬಂದಾಗ ನಾನು ಸೆಲ್ ಹಾಕಿ ಕೊಡ್ತೇನೆ."

ಫೋನಿಟ್ಟು ಸೌಭಾಗ್ಯ ನೋಡುತ್ತ ಕೂತಳು. ಸಾಲು ಸಾಲಿನಲ್ಲೂ ಅವಳೇ. ಮೆಂತ್ಯ ಸೋಸುವವಳು, ರೈಲಿನ ಕಿಟಕಿಯಲ್ಲಿ ಇರುವವಳು, ನೆರೂಳಿನ ಯಾರದೋ ಗೃಹಪ್ರವೇಶದಲ್ಲಿ ಮುಖ ಗಂಟು ಹಾಕಿ ನಿಂತವಳು. ಒಂದನ್ನೂ ದೊಡ್ಡದು ಮಾಡಲಿಲ್ಲ. ಯಶ್ವಂತ ಬಂದು ಸಿಡಿಗೆ ಹಾಕಿಕೊಟ್ಟ ಮೇಲೆ ಸಾವಕಾಶ ನೋಡಿದರಾಯಿತು ಅಂದುಕೊಂಡಳು. ಕೆಳಗಿನ ಸಾಲಿನಲ್ಲಿ ಠಾಣೆಯ ಕೆರೆ ಸಿಕ್ಕಿತು. ಅದನ್ನು ಮಾತ್ರ ಒತ್ತಿದಳು. ಅದು ಮೇಲಿನಿಂದ ಕೆಳಗೆ ನಿಧಾನವಾಗಿ ಪರದೆ ತುಂಬಿತು. ನೋಡಿದಳು. ಏನೂ ಆಗಲಿಲ್ಲ. ಎಲ್ಲೋ ನೋಡಿದ ಮನುಷ್ಯ ಅನ್ನುವ ಹಾಗೆ ನೋಡಿ, ಎದ್ದು ಒಣಗಿದ ಬಟ್ಟೆ ಒಳಗೆ ತಂದಳು.

ಸಂಜೆ ಆರಿಸುವ ಮುಂಚೆ ಯಶ್ವಂತನ ಮಾತು ನೆನಪಾಗಿ ಟೂಲ್ಸ್ ಒತ್ತಿದಳು, ಡಿಲೀಟ್ ಒತ್ತಿದಳು. ಖರೇನಾ, ಎಲ್ಲ ಅಳಿಸಲಾ, ಅಂತ ಡಬ್ಬಿಯೊಂದು ಎದ್ದು ಕೇಳಿತು. ವರ್ಷವಿಡೀ ಯಾರು ಏನು ಹೇಳಿದರೂ ಮಾಡಿದ ಕೈ ಅಲ್ಲಿ ತಡೆಯಿತು. ಯಾಕೋ ಹೆದರಿಕೆಯಾಯಿತು. ಬೇಡ ಅನ್ನುವುದನ್ನು ಒತ್ತಿ ಕಂಪ್ಯೂಟರ್ ಆರಿಸಿಬಿಟ್ಟಳು.

ಅದಾದ ಮೇಲೆ ಅವಳು ಅದನ್ನು ಮುಟ್ಟಲಿಲ್ಲ. ಬರುವುದು ಬಂದಾಗಿತ್ತಲ್ಲ. ಅಪ್ಪಾಸಾಹೇಬ ಫೋನು ಮಾಡಿದರೆ, "ಬಂದದ, ಸಿಡಿ ಆಗೂದೊಂದು ಬಾಕಿ," ಅಂದಳು. ಯಶ್ವಂತನೂ ಅವಸರ ಮಾಡಲಿಲ್ಲ. ತಿಂಗಳು ಮುಗಿಯಿತು. ಶ್ರಾವಣ ಹಿಡಿಯಿತು.

ಪುಣ್ಯಸ್ಮರಣೆಗೆ ವಾರವಿದೆ ಅನ್ನುವಾಗ ಒಂದು ಭಾನುವಾರ ಯಶ್ವಂತ ಬಂದ. ತೆಳ್ಳಗಿನ ಹುಡುಗ, ಬಾಗಿಲಲ್ಲೇ ತಲೆ ತಗ್ಗಿಸಿದ. "ಪಾಪ ಅಕ್ಕ, ಅಂಕಲ್‌ದು ಫೋಟೋ ಎಲ್ಲ ಹೋಯ್ತಲ್ಲ. ನಂಗೆ ಭಾರೀ ಬೇಜಾರಾಯ್ತು," ಅಂದ.

"ಎಲ್ಲಿ ಹೋದ್ವು? ನೀವು ಸಿಡಿ ತಂದೀರಿಲ್ಲೋ?"

"ಯಾವ ಸಿಡಿ?"

"ಫೋಟೋದ್ದು. ಅವತ್ತ ಹೇಳಿದ್ನಲ್ಲಾ, ಪೂರಾ ಬಂದದ ಅಂತ."

"ಹೌದಲ್ಲ, ಪೂರಾ ಬಂದ್ ಅದ ಅಂತ..." ಅಂದವನು ಅಲ್ಲೇ ನಿಂತ. ಬಾಯೊಳಗೇ ಎರಡು ಸಲ ಹೇಳಿಕೊಂಡ. ಬಂದ್ ಅದ. ಬಂದದ. ಮುಖದ ಬಣ್ಣ ಇಳಿದುಹೋಯಿತು. "ಅಕ್ಕ, ನೀವು ಸೈಟ್ ಬಂದ್ ಆಗಿದೆ ಅಂತ ಹೇಳಿದ್ದಲ್ವಾ?"

"ಇಲ್ಲ. ಬಂದದ ಅಂದೆ. ಬಂತು ಅಂತ."

ಅವಳ ಊರು ಬಿಜಾಪುರದಲ್ಲಿ ಹೇಳಿದ್ದರೆ ಅದು ಬಂತು ಅಂತಲೇ ಆಗುತ್ತಿತ್ತು. ಕರಾವಳಿಯ ಹುಡುಗ, ಮನೆಯಲ್ಲಿ ತುಳು, ಅಂಗಡಿಯಲ್ಲಿ ಹಿಂದಿ, ದಿನ ಬೆಳಗಾದರೆ ಟ್ರೇನ್ ಬಂದ್, ಲಿಫ್ಟ್ ಬಂದ್, ದುಕಾನ್ ಬಂದ್. ಅವನ ಕಿವಿಗೆ ಅದು ಹಾಗೇ ಬಿದ್ದಿತ್ತು. ಯಾರನ್ನು ಬೈಯುವುದು? ಯಶ್ವಂತ ಹೊಸ ಸೆಲ್ ಹಾಕಿ, ತಾರೀಕು ಸರಿಮಾಡಿ, ಸೈಟಿನ ಹೆಸರು ಒತ್ತಿದ. ಸೇವೆ ನಿಲ್ಲಿಸಲಾಗಿದೆ, ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ವಂದನೆಗಳು ಅಂತ ಒಂದು ಸಾಲು ಇಂಗ್ಲಿಷಿನಲ್ಲಿ ಬಂತು. ಬೇರೆ ಏನೂ ಇರಲಿಲ್ಲ.

ಸೌಭಾಗ್ಯಳಿಗೆ ಸಿಟ್ಟು ಬರಬೇಕಿತ್ತು. ಹುಡುಗನ ಕೆನ್ನೆಗೆ ಒಂದು ಬಿಟ್ಟಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವಳು ಆ ಸಾಲನ್ನು ನೋಡಿದಳು, ಗೋಡೆಯ ಮೇಲಿನ ಟೈ ಮನುಷ್ಯನನ್ನು ನೋಡಿದಳು. "ಚಹಾ ಮಾಡ್ತೀನಿ, ಕೂಡ್ರಿ," ಅಂತ ಒಳಗೆ ಹೋದಳು.

ಹಾಲು ಕಾಯಲಿಟ್ಟು ನಿಂತಿದ್ದಾಗ ಯಶ್ವಂತನ ದನಿ ಬಂತು.

"ಅಕ್ಕ, ಅವತ್ತು ಡಿಲೀಟ್ ಕೊಡ್ಲಿಕ್ಕೆ ಹೇಳಿದ್ದೆ. ಕೊಟ್ರಾ?"

"ಇಲ್ಲ. ಮನಸ್ ಬರ್ಲಿಲ್ಲ."

"ಕೊಡ್ಲಿಲ್ವಾ? ಅಬ್ಬ, ಒಳ್ಳೇದಾಯ್ತು. ನೀವು ನೋಡಿದ ಪೇಜ್‌ದು ಒಂದು ಕಾಪಿ ಕಂಪ್ಯೂಟರ್ ತನ್ನ ಹತ್ರ ಇಟ್ಕೊಳ್ತದೆ. ಅದನ್ನೇ ನಾನು ಕಚಡಾ ಅಂದದ್ದು. ಇರಿ, ನೋಡುವ." ಕೀಲಿಗಳ ಸದ್ದು ಕೇಳಿತು. "ಉಂಟು, ಉಂಟು. ಆದ್ರೆ ಎಲ್ಲ ಉಗುರಿನಷ್ಟು ಚಿಕ್ಕದೇ. ಯಾವುದಾದ್ರೂ ದೊಡ್ಡದು ಮಾಡಿ ನೋಡಿದ್ರಾ?"

"ಒಂದ."

ಹಾಲು ಉಕ್ಕಲು ಬಂತು. ಅವಳು ಇಕ್ಕಳ ತೆಗೆದುಕೊಂಡು ಪಾತ್ರೆ ಇಳಿಸಿದಳು. ಹೊರಗೆ ಯಶ್ವಂತ ಮಾನಿಟರನ್ನು ಅಡಿಗೆಮನೆಯ ಬಾಗಿಲ ಕಡೆ ತಿರುಗಿಸಿದ.

ಠಾಣೆಯ ಕೆರೆಯ ಕಟ್ಟೆ. ಅರ್ಧ ತೋಳಿನ ಬಿಳಿ ಅಂಗಿ, ಮೇಲಿನ ಗುಂಡಿ ಹಾಕಿಲ್ಲ. ಎಡಗಡೆ ಅವಳದೇ ಹೆಬ್ಬೆರಳು ಕೆಂಪಗೆ ಅಡ್ಡ ಬಂದು ಅವನ ಅರ್ಧ ಹಣೆಯನ್ನೂ ಒಂದು ಕಿವಿಯನ್ನೂ ನುಂಗಿತ್ತು. ಅವನ ಬಾಯಿ ತೆರೆದಿತ್ತು, ಕೈ ಮುಂದೆ ಚಾಚಿತ್ತು. "ಹುಚ್ಚೀ, ಬಟ್ಟು ತಗೀಯೇ," ಅನ್ನುತ್ತಿದ್ದ. ಹೇಳುತ್ತಲೇ ನಗುತ್ತಿದ್ದ. ಆ ಗಳಿಗೆಯಲ್ಲೇ ಅವಳು ಗುಂಡಿ ಒತ್ತಿದ್ದಳು. ಆ ದಿನ ಸಂಜೆಯವರೆಗೂ ಅವನು ಅದೇ ಮಾತು ಹೇಳಿ ಹೇಳಿ ಕಾಡಿಸಿದ್ದ. ಬ್ಯಾನರಿಗೆ ಇದು ನಡೆಯುವುದಿಲ್ಲ, ಅಪ್ಪಾಸಾಹೇಬ ಮುಟ್ಟುವುದೂ ಇಲ್ಲ ಅಂತ ಅವಳಿಗೆ ಗೊತ್ತಾಯಿತು.

ಇಕ್ಕಳ ಕೈಯಿಂದ ಜಾರಿ ಬಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತಳು. ಬಿಲ್ಡಿಂಗಿನ ಹೆಂಗಸರು ಒಂದು ವರ್ಷ ಕಾದ ಅಳು, ಅವರು ಯಾರೂ ಇಲ್ಲದಾಗ ಬಂತು.

ಮಾನಿಟರಿನ ಹಿಂದೆ ನಿಂತಿದ್ದ ಯಶ್ವಂತನಿಗೆ ಪರದೆ ಕಾಣುತ್ತಿರಲಿಲ್ಲ. ಏನಾಯಿತೋ ಅಂತ ಹೆದರಿ, "ಬಂತಾ ಅಕ್ಕ?" ಅಂದ.

ಸೌಭಾಗ್ಯ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಂದು ಸಲ ನೋಡಿದಳು.

"ಬಂದಾರ," ಅಂದಳು.