ಹುಳುಕಪ್ಪನ ಬಾಡಿಗೆ ಮನೆ

ಪೇಟೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಹುಳುಕಪ್ಪ ಎಂದು. ಮೂವತ್ತು ವರ್ಷದಿಂದ ಮನೆ ದಲ್ಲಾಳಿ. ಗಿರಾಕಿ ಹೊಸ್ತಿಲು ದಾಟುವ ಮೊದಲೇ ಮನೆಯ ಹುಳುಕು ಹೇಳಿಬಿಡುವುದು ಅವನ ಪದ್ಧತಿ: ಈ ಗೋಡೆ ಮಳೆಗಾಲದಲ್ಲಿ ಒಸರುತ್ತದೆ, ಪಕ್ಕದ ಮನೆಯವರಿಗೆ ಬಾಯಿ ಜೋರು. ಇವನ ಹೊಟ್ಟೆಗೆ ಮಣ್ಣೇ ಗತಿ ಎಂದು ಉಳಿದ ದಲ್ಲಾಳಿಗಳು ನಕ್ಕಿದ್ದರು. ಆದರೆ ಗಿರಾಕಿಗಳು ಇವನನ್ನೇ ಹುಡುಕಿಕೊಂಡು ಬಂದರು. ಬಂದವರು ತಮ್ಮ ಮಕ್ಕಳನ್ನೂ ಕಳಿಸಿದರು.

ಅವನಿದ್ದದ್ದು ಮಾತ್ರ ಬಾಡಿಗೆ ಮನೆಯಲ್ಲಿ. ಕಚೇರಿ ಪೇಟೆಯ ಈ ತುದಿಗೆ, ಮನೆ ಆ ತುದಿಗೆ; ಗಿರಾಕಿಗಳಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದ. ಸ್ವಂತ ಸೂರಿಲ್ಲದವನ ಮಾತು ನಂಬಿ ಸೂರು ಕೊಳ್ಳುವವರು ಯಾರು?

ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ ಮಾಲೀಕ ಮನೆ ಮಾರುತ್ತೇನೆಂದ, ಗಿರಾಕಿಯನ್ನು ನೀನೇ ತಾ ಎಂದ. ಒಲ್ಲೆನೆಂದರೆ ಇನ್ನೊಬ್ಬ ದಲ್ಲಾಳಿಯ ಪಾಲಾಗುತ್ತದೆ, ತನ್ನ ಕೈಯಲ್ಲಿದ್ದರೆ ಆದಷ್ಟು ದಿನ ತಳ್ಳಬಹುದು ಎಂದುಕೊಂಡು ಇವನು ಒಪ್ಪಿದ. ಹೆಂಡತಿಗೆ ಮಂಡಿನೋವು. ಮೆಟ್ಟಿಲಿಲ್ಲದ ಇಂಥ ಮನೆ ಇನ್ನೊಂದು ಸಿಗುವಂತಿರಲಿಲ್ಲ.

"ಹುಳುಕು ಹೇಳೋದ್ರಲ್ಲೇ ಹೆಸರು ಮಾಡಿದೋರು," ಎಂದಳು ಅವಳು. "ಈ ಮನೆಗೆ ಇನ್ನೂ ನಾಲ್ಕು ಸೇರಿಸಿ ಹೇಳಿ."

ಮೊದಲು ಬಂದವರು ಒಬ್ಬ ಮೇಷ್ಟ್ರು, ಅವರ ಹೆಂಡತಿ. ಮೇಷ್ಟ್ರ ಅಪ್ಪನಿಗೂ ಇವನೇ ಮನೆ ಕೊಡಿಸಿದ್ದ. ಇವನ ಹೆಂಡತಿ ಗಂಡನ ಗುರುತೇ ಇಲ್ಲದವಳಂತೆ ಮೂವರಿಗೂ ನೀರು ತಂದುಕೊಟ್ಟಳು. "ನಿಮಗೆ ತೊಂದರೆ ಕೊಟ್ವಿ ಕಣಮ್ಮ," ಎಂದು ಇವನು ಲೋಟ ತೆಗೆದುಕೊಂಡ.

ಆಮೇಲೆ ಶುರುಮಾಡಿದ. ಇಲ್ಲದ ಗೆದ್ದಲನ್ನು ಬಾಗಿಲಿಗೆ ಹತ್ತಿಸಿದ, ಸೋರದ ಚಾವಣಿಯನ್ನು ಸೋರಿಸಿದ, ಬಚ್ಚಲ ನೀರನ್ನು ಹಿಂದಕ್ಕೆ ಹರಿಸಿದ. ಪಾತ್ರೆ ಇಟ್ಟು ಇಟ್ಟು ಸಾಕಾಗಿದೆ ಎಂದು ಹೆಂಡತಿಯೂ ದನಿಗೂಡಿಸಿದಳು. ಮೂವತ್ತು ವರ್ಷದಲ್ಲಿ ಅವನು ಗಿರಾಕಿಗೆ ಹೇಳಿದ ಮೊದಲ ಸುಳ್ಳು. ನೀರು ಕುಡಿದಷ್ಟು ಸಲೀಸಾಗಿ ಬಂತು.

ಮೇಷ್ಟ್ರು ನಕ್ಕರು. "ನಮ್ಮಪ್ಪ ಹೇಳ್ತಿದ್ರು, ಆತ ಹತ್ತು ಹುಳುಕು ಹೇಳಿದ್ರೆ ಹನ್ನೊಂದನೇದು ಇರಲ್ಲ, ಕಣ್ಣುಮುಚ್ಚಿ ತಗೋ ಅಂತ. ರಿಪೇರಿ ನಾವು ಮಾಡಿಸ್ಕೋತೀವಿ ಬಿಡಿ."

ಅವರ ಹೆಂಡತಿಗೆ ಒಂದೇ ಅನುಮಾನ. ದನಿ ತಗ್ಗಿಸಿದರೂ ಅಡುಗೆಮನೆ ಬಾಗಿಲಿಗೆ ಕೇಳಿಸಿತು. "ಈ ಬಾಡಿಗೆಯವರು ಸುಮ್ನೆ ಬಿಡ್ತಾರಾ? ಬೇರು ಬಿಟ್ಟ ಹಾಗಿದಾರೆ. ಬಿಡೋರಲ್ಲ ಅಂದ್ರೆ ಈಗಲೇ ಹೇಳಿ, ನಮಗೆ ಈ ಮನೆ ಬೇಡ."

ಬಿಡೋರಲ್ಲ. ಅಷ್ಟು ಅಂದಿದ್ದರೆ ಸಾಕಿತ್ತು. ಬಾಗಿಲಲ್ಲಿ ಇವನ ಹೆಂಡತಿ ಕಿವಿಗೊಟ್ಟು ನಿಂತಿದ್ದಳು. ಆದರೆ ಮನೆಗೆ ಇಲ್ಲದ ಹುಳುಕೆಲ್ಲ ಹೊರಿಸಿದ ನಾಲಿಗೆ ತನ್ನ ಮೇಲೆ ಒಂದೇ ಒಂದು ಹುಳುಕು ಹೊತ್ತುಕೊಳ್ಳಲು ಏಳಲಿಲ್ಲ.

"ಮರ್ಯಾದಸ್ಥರು," ಎಂದ. "ಹೇಳಿದ ದಿನಕ್ಕೆ ಬಿಡ್ತಾರೆ."

ಮೇಷ್ಟ್ರ ಹೆಂಡತಿ ಆಗಲೇ ಕಿಟಕಿಯ ಅಳತೆಗೆ ಗೇಣು ಹಾಕತೊಡಗಿದ್ದರು. ಇವಳು ಕುಂಟುತ್ತ ಬಂದು ಗಂಡನ ಮುಂದೆ ಕೈ ಚಾಚಿದಳು.

"ಲೋಟ ಕೊಡಿ, ಅಣ್ಣಾ."