ಮುಂದಿನ ಸಾಲಿನ ಏಳು ಕುರ್ಚಿ

ಶಾಮಿಯಾನದವರು ಹಾಕಿಹೋಗಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಏಳನ್ನು ಆರಿಸಿ, ಒಂದೊಂದಾಗಿ ಎಳೆದು ತಂದು ಕೊಟ್ರಮ್ಮ ಮೈಕಿನ ಎದುರಿಗೇ ಸಾಲು ಮಾಡುತ್ತಿದ್ದಳು. ಗಂಡನ ಹೆಣ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದೆ, ಹಣೆಯ ವಿಭೂತಿ ಇನ್ನೂ ಒಣಗಿಲ್ಲ, ಇವಳು ನೋಡಿದರೆ ಅಂಗಳದಲ್ಲಿ ಕುರ್ಚಿ ಎಳೆದಾಡುತ್ತಿದ್ದಾಳೆ! ನೆರೆದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ ಬಿಡಿ. ಅಳುವುದಕ್ಕೆ ಕೊಟ್ರಮ್ಮನಿಗೆ ಇಡೀ ಜನ್ಮವಿದೆ. ಮಾಡಬೇಕಾದ ಕೆಲಸಕ್ಕೆ ಇರುವುದು ಮಣ್ಣು ಮಾಡುವವರೆಗಿನ ಹೊತ್ತು ಮಾತ್ರ.

ಮಗಳು ಗಂಗಾಂಬಿಕಾ ಓಡಿಬಂದು ಕೈ ಹಿಡಿದಳು. "ಅವ್ವ, ಒಳಗೆ ಬಾ. ಅಪ್ಪನ ಪಕ್ಕ ಕೂತ್ಕೋ. ಕುರ್ಚಿ ಯಾರಾದ್ರೂ ಹಾಕ್ತಾರೆ."

"ಯಾರಾದ್ರೂ ಹಾಕಿದ್ರೆ ಯಾರಾದ್ರೂ ಕೂತ್ಕೊಂತಾರೆ. ಇವು ರಾಂಪುರ, ಮೊಳಕಾಲ್ಮೂರು ಕಡೆಯಿಂದ ಬರೋರಿಗೆ."

ಗಂಗಾಂಬಿಕಾಳ ದನಿ ಇಳಿಯಿತು. "ಅವ್ರು ಅಪ್ಪನ್ನ ಬೈಯಾಕೆ ಬರ್ತಿರೋದು ಕಣವ್ವ."

"ಗೊತ್ತೈತೆ. ನಾನೇ ಕರ್ದಿರೋದು."

ಒಳಗೆ ಕೂತಿದ್ದ ಹಾಲೇಶಪ್ಪ ನಾಲ್ಕನೇ ವಯಸ್ಸಿಗೆ ಜ್ವರ ಬಂದು ಕಣ್ಣು ಕಳೆದುಕೊಂಡವನು. ಚಳ್ಳಕೆರೆಯ ಒಂದು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ. ಒಮ್ಮೆ ಕೇಳಿದ ದನಿಯನ್ನು ಮರೆತವನಲ್ಲ. ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ ಅವನ ಬೋರ್ಡನ್ನು ಕಿತ್ತು ಗುಜರಿಗೆ ಹಾಕಿ, ಅವನನ್ನು ಒಂದು ಮೂಲೆಯಲ್ಲಿ ಕೂರಿಸಿದರು. ಮೂಲೆಯಲ್ಲಿ ಕೂತವನು ಸುಮ್ಮನೆ ಕೂರಲಿಲ್ಲ. ಪರದೆಯ ಮೇಲಿರುವುದನ್ನು ಓದಿಹೇಳುವ ತಂತ್ರಾಂಶ ಹಾಕಿಸಿಕೊಂಡು ಕಂಪ್ಯೂಟರ್ ಕಲಿತ. ಅಲ್ಲಿಂದಲೇ ಶುರುವಾಯಿತು ಎಲ್ಲ ತಾಪತ್ರಯ.

ಹತ್ತು ಗಂಟೆಗೆ ಬಿಳಿ ಕಾರು ಬಂದು ನಿಂತಿತು. ಇಳಿದವನು ಓಂಕಾರಮೂರ್ತಿ, ಹಾಲೇಶಪ್ಪನ ಚಿಕ್ಕಪ್ಪನ ಮಗ. ಬಳ್ಳಾರಿ ರಸ್ತೆಯಲ್ಲಿ ಕಂಪ್ಯೂಟರ್ ಕಂಪನಿ ಇಟ್ಟವನು, ಬರುವ ತಿಂಗಳು ಸಮಾಜದ ಅಧ್ಯಕ್ಷಗಿರಿಗೆ ನಿಂತವನು. ಆಳೆತ್ತರದ ಹಾರವನ್ನು ಇಬ್ಬರ ಕೈಲಿ ಹೊರಿಸಿಕೊಂಡು ಬಂದ. ಹೆಣದ ಮುಂದೆ ಎದೆ ಎದೆ ಬಡಿದುಕೊಂಡ. "ಅಣ್ಣಾ, ನನ್ನ ಬಿಟ್ಟು ಹೋದ್ಯಲ್ಲೋ!" ಎಂದು ಅವನು ಕೂಗಿದ ರಭಸಕ್ಕೆ ಭಜನೆಯವರ ತಾಳ ಒಂದು ಕ್ಷಣ ತಪ್ಪಿತು.

ಕೊಟ್ರಮ್ಮ ಅವನ ಅಳು ಮುಗಿಯುವವರೆಗೂ ಸಮಾಧಾನವಾಗಿ ಕಾದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಓಂಕಾರಪ್ಪ, ನಿಮ್ಮಣ್ಣನ್ನ ವಿಮಾನದಾಗೆ ಕೂರ್ಸಿ ಎತ್ತೋಕೆ ಮುಂಚೆ ಮೈಕಲ್ಲಿ ಎರಡು ಮಾತು ನೀನೇ ಆಡಬೇಕಪ್ಪ. ನಮ್ಮನೇಲಿ ಮಾತಾಡೋರು ಇನ್ಯಾರವ್ರೆ?" ಎಂದಳು.

"ನಾನಾ ಅತ್ತಿಗೆ? ಜಯದೇವಪ್ಪೋರು ಹಿರೀಕರು ಅವ್ರಲ್ಲ..."

"ಅವ್ರು ಆಮೇಲೆ ಮಾತಾಡ್ತಾರೆ. ಮೊದಲು ನೀನು."

ಮುನ್ನೂರು ಜನ, ಅದರಲ್ಲಿ ಅರ್ಧಕ್ಕರ್ಧ ಸಮಾಜದ ಮತದಾರರು. ಮೈಕು ಕೊಟ್ಟರೆ ಓಂಕಾರಮೂರ್ತಿ ಬೇಡವೆನ್ನುವ ಪೈಕಿಯಲ್ಲ. ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು, ಒಪ್ಪಿಕೊಂಡ.

* * *

ಮೂರು ವರ್ಷದ ಹಿಂದೆ ಇದೇ ಓಂಕಾರಮೂರ್ತಿ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಿದ್ದ. ಅಂಗವಿಕಲರಿಗೆ ಮಾತಾಡುವ ಮೊಬೈಲು, ಹೊಲಿಗೆ ಯಂತ್ರ ಹಂಚುವ ಒಂದು ಟ್ರಸ್ಟಿನ ವೆಬ್‌ಸೈಟು ಮಾಡುವ ಕೆಲಸ ಅವನಿಗೆ ಸಿಕ್ಕಿತ್ತು. ಅಂಧರೊಬ್ಬರು ಪರೀಕ್ಷಿಸಿ ಒಪ್ಪಬೇಕು ಎಂಬುದು ಟ್ರಸ್ಟಿನ ಷರತ್ತು. ಹಾಲೇಶಪ್ಪ ಒಂದು ಪುಟವನ್ನು ಎರಡು ಗಂಟೆ ಕೂತು ಕೇಳಿ, ತಪ್ಪು ತಿದ್ದಿಸಿ, "ಚೆನ್ನಾಗೈತೆ ಕಣಲೇ, ಉಳಿದವೂ ಹಿಂಗೇ ಇರಲಿ, ತಂದು ತೋರ್ಸು" ಎಂದ. ಉಳಿದವನ್ನು ಓಂಕಾರಮೂರ್ತಿ ತರಲೇ ಇಲ್ಲ.

ತರದಿದ್ದರೆ ಹೋಗಲಿ. ವೆಬ್‌ಸೈಟಿನ ಕೆಳಗೆ 'ಪರೀಕ್ಷಿಸಿ ಒಪ್ಪಿದವರು: ಹಾಲೇಶಪ್ಪ, ಅಂಧರು, ಚಳ್ಳಕೆರೆ' ಎಂದು ಹಾಕಿದ. ಪಕ್ಕದಲ್ಲಿ ಸಹಾಯಕ್ಕೆಂದು ಒಂದು ನಂಬರು. ಅರ್ಜಿ ತುಂಬಿದವರು ಕೊನೆಗೆ ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ನೋಡಿ ಬರೆಯಬೇಕಿತ್ತು. ಕಣ್ಣಿಲ್ಲದವರು ನೋಡಿ ಬರೆಯಬೇಕು! ಅದನ್ನೂ ದಾಟಿದರೆ ಕಳಿಸುವ ಗುಂಡಿಗೆ ಹೆಸರೇ ಇರಲಿಲ್ಲ. ಓದುವ ತಂತ್ರಾಂಶ ಅದರ ಮೇಲೆ ಬಂದಾಗಲೆಲ್ಲ 'ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್' ಎಂದು ಬಡಬಡಿಸುತ್ತಿತ್ತು.

ಇದು ಹಾಲೇಶಪ್ಪನಿಗೆ ಗೊತ್ತಾದದ್ದು ಮೊಳಕಾಲ್ಮೂರಿನ ಶಿಬಿರವೊಂದರಲ್ಲಿ. ಯಾರೋ ಅವನ ಹೆಸರು ಕೂಗಿದರು. ರಾಂಪುರದ ಆಶಾ ಎಂಬ ಹುಡುಗಿ, ಅವಳಿಗೂ ಕಣ್ಣಿಲ್ಲ, ಕೋಲು ತಟ್ಟುತ್ತಾ ಬಂದು ಅವನ ಮುಂದೆ ನಿಂತಳು.

"ನೀವೇನಾ ಚಳ್ಳಕೆರೆ ಹಾಲೇಶಪ್ಪ?"

ಅವನು ಹೂಂ ಎನ್ನುವಷ್ಟರಲ್ಲಿ ಥೂ ಎಂದು ಉಗಿದಳು. ಉಗುಳು ಅವನ ಅಂಗಿಯ ಮೇಲೆ ಬಿತ್ತು. ಅವನು ಮಾತಾಡಲು ಬಾಯಿ ತೆರೆಯುವ ಮೊದಲೇ ಗಲಾಟೆಯೆದ್ದು ಅವಳನ್ನು ಎಳೆದುಕೊಂಡು ಹೋದರು. ವೆಬ್‌ಸೈಟಿನಲ್ಲಿ ತನ್ನ ಹೆಸರಿರುವುದು, ಅದರ ಸಹಾಯದ ನಂಬರು, ಎಲ್ಲ ಅಲ್ಲಿದ್ದವರ ಬಾಯಿಂದ ಆಮೇಲೆ ತಿಳಿಯಿತು.

ಮನೆಗೆ ಬಂದವನು ಅಂಗಿ ಬಿಚ್ಚಿ ಕೊಟ್ರಮ್ಮನ ಕೈಗೆ ಕೊಟ್ಟ. ಏನಾಯಿತೆಂದು ಹೇಳಿದ. ಅವಳ ಫೋನು ಇಸಿದುಕೊಂಡು ಆ ಸಹಾಯದ ನಂಬರಿಗೆ ಕರೆ ಮಾಡಿದ, ಅವಳಿಗೂ ಕೇಳುವಂತೆ. ಮೂರು ರಿಂಗಿಗೆ ಆ ಕಡೆಯಿಂದ ನಾಲಿಗೆ ಲೊಚಗುಟ್ಟಿದ ಸದ್ದು.

"ಹಲೋ, ಹಾಲೇಶಪ್ಪ ಮಾತಾಡ್ತಿರೋದು. ಯಾರ್ರಿ?"

ಓಂಕಾರಮೂರ್ತಿಯ ದನಿ. ಆ ಕಡೆಯ ಹಾಲೇಶಪ್ಪನೇ ಮುಂದುವರಿಸಿದ. "ಅರ್ಜಿ ಹೋಗ್ತಿಲ್ವಾ? ನೋಡ್ರಿ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ನಾನೂ ಕುರುಡನೇ. ನನಗೆ ಬರ್ತದೆ, ನಿಮಗ್ಯಾಕೆ ಬರಲ್ಲ? ಬರಲ್ಲ ಅಂದ್ರೆ ಮನೇಲಿ ಮೂಲೆ ಹಿಡ್ದು ಕೂತ್ಕಳ್ರಿ."

ಕೊಟ್ರಮ್ಮನ ಮೈ ಉರಿದುಹೋಯಿತು. ಅವನ ಕಂಪನಿಯ ಬಾಗಿಲಿಗೆ ಹೋಗಿ ಚಪ್ಪಲಿ ಬಿಚ್ಚುತ್ತೇನೆಂದು ಹೊರಟೇಬಿಟ್ಟಿದ್ದಳು. ಹಾಲೇಶಪ್ಪ ಸೆರಗು ಹಿಡಿದು ಕೂರಿಸಿದ. "ದಾಯಾದಿ ಕಣೇ. ಮಗಳ ಮದುವೆ ಆಗಬೇಕು. ನಾನಿರೋವರೆಗೂ ನೀನು ಬಾಯಿ ಬಿಡಬ್ಯಾಡ. ನನ್ನಾಣೆ."

ವಾರದೊಳಗೆ ಆ ನಂಬರು ನಿಂತುಹೋಯಿತು. ಮದುವೆಯೂ ಮುಗಿಯಿತು. ಆದರೆ ಆಣೆ ಆಣೆಯೇ.

* * *

ಹಾಲೇಶಪ್ಪ ಜಗಳಕ್ಕೆ ಹೋಗದೆ ಸಭೆಗೆ ಹೋದ. ಕಣ್ಣು, ಕಿವಿ, ಕೈಕಾಲು ಸ್ವಾಧೀನವಿಲ್ಲದವರೂ ಬಳಸುವ ಹಾಗೆ ವೆಬ್‌ಸೈಟುಗಳು ಇರಬೇಕು, ಅದಕ್ಕೆ ಹೊಸ ಮಾನದಂಡ ಬರೆಯಬೇಕು ಎಂದು ದೇಶ ದೇಶದ ಹನ್ನೆರಡು ಜನ ಸೇರಿ ಇಂಟರ್ನೆಟ್ಟಿನಲ್ಲಿ ನಡೆಸುತ್ತಿದ್ದ ಸಭೆ ಅದು. ಪ್ರತಿ ಗುರುವಾರ ಸಂಜೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದ. ಆಪರೇಟರ್ ಕೆಲಸದಲ್ಲಿ ಕಲಿತ ಇಂಗ್ಲಿಷು ಅಲ್ಲಿ ಉಪಯೋಗಕ್ಕೆ ಬಂತು. ಪಕ್ಕದಲ್ಲಿ ಕೊಟ್ರಮ್ಮ ಶೇಂಗಾ ಸುಲಿಯುತ್ತಿದ್ದಳು.

"ಬರ್ದಾಯ್ತಾ?" ಎಂದು ಅವಳು ಕೇಳುವಳು.

"ಇಲ್ಲ ಕಣೇ. ಇನ್ನೂ ಯೋಜನೆ ಹಾಕ್ತಿದೀವಿ. ಯಾವ ಅಧ್ಯಾಯ ಮೊದಲು, ಯಾರು ಬರೀಬೇಕು, ಕರಡು ಜನಕ್ಕೆ ಯಾವಾಗ ತೋರಿಸಬೇಕು, ತಕರಾರು ಕೇಳೋಕೆ ಎಷ್ಟು ತಿಂಗಳು."

"ಮದುವೆಗಿಂತ ಮಾತುಕತೆನೇ ದೊಡ್ಡದಾಯ್ತು. ಮುಗಿಯೋದು ಯಾವಾಗ?"

"ಏಳೆಂಟು ವರ್ಷ ಆಗ್ಬೋದು. ನನ್ನ ಕಾಲಕ್ಕೆ ಬರಲ್ಲ ಬಿಡು."

ಅವನು ಅಲ್ಲಿ ಪಟ್ಟು ಹಿಡಿದದ್ದು ಒಂದೇ ಮಾತಿಗೆ. 'ಇದನ್ನು ಅಂಧರು ಬಳಸಬಲ್ಲರು' ಎಂದು ಯಾರಾದರೂ ಹೇಳಿಕೊಂಡರೆ, ಪರೀಕ್ಷಿಸಿದವರು ಯಾರು, ಯಾವ ಪುಟ, ಯಾವ ದಿನ ಎಂಬುದೂ ಅಲ್ಲಿರಬೇಕು. ಪರೀಕ್ಷಿಸಿದವನು 'ಇದು ನನ್ನ ಮಾತಲ್ಲ' ಎಂದು ಹೇಳಲು ಅವನಿಗೊಂದು ದಾರಿಯೂ ಇರಬೇಕು. ಆ ಕಡೆಯಿಂದ ಯಾರೋ ಉದಾಹರಣೆ ಕೇಳಿದ್ದರಂತೆ. ಇವನು, ಪರಿಚಯದವರೊಬ್ಬರಿಗೆ ಹೀಗಾಗಿತ್ತು ಎಂದನಂತೆ.

"ಪರಿಚಯದೋರಾ?" ಕೊಟ್ರಮ್ಮ ಮೊರ ಕುಕ್ಕಿದಳು. "ಓಂಕಾರನ ಹೆಸರು ಹೇಳೋಕೆ ನಾಲಿಗೆಗೆ ಏನಾಗಿತ್ತು?"

"ಹೆಸರು ಹೇಳಿದ್ರೆ ಜಗಳ ಆಗ್ತದೆ. ಹೇಳದಿದ್ರೆ ನಿಯಮ ಆಗ್ತದೆ."

"ನಿಮ್ಮ ನಿಯಮ ನೀವೇ ಇಟ್ಕಳ್ರಿ. ನನಗೆ ಜಗಳ ಬೇಕು."

ಅವನು ನಕ್ಕುಬಿಟ್ಟ. ಹೋದ ಗುರುವಾರ ಅವನ ಮಾತು ಯೋಜನೆಯ ಪಟ್ಟಿಗೆ ಸೇರಿತು. ಅವತ್ತು ಒಂದು ರೊಟ್ಟಿ ಹೆಚ್ಚಿಗೆ ತಿಂದ. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. 'ನಾನಿರೋವರೆಗೂ' ಎಂಬ ಆಣೆಯ ಅವಧಿ ಅಲ್ಲಿಗೆ ಮುಗಿಯಿತು. ಸಂಜೆಯೊಳಗೆ ಕೊಟ್ರಮ್ಮ ಅಂಧರ ಸಂಘದವರಿಂದ ರಾಂಪುರದ ಆಶಾಳ ನಂಬರು ಹುಡುಕಿಸಿ, ಫೋನು ಮಾಡಿದ್ದಳು.

"ನಿನಗೆ ಮೂಲೆ ಹಿಡ್ದು ಕೂತ್ಕೋ ಅಂದನಲ್ಲ ಹಾಲೇಶಪ್ಪ, ಅವನು ಸತ್ತ ಕಣಮ್ಮ. ನಾನು ಅವನ ಹೆಂಡ್ತಿ. ನಿನ್ ಥರ ಬೈಸ್ಕೊಂಡೋರು ಇನ್ನೂ ಯಾರವ್ರೆ, ಎಲ್ಲರನ್ನೂ ಕರ್ಕಂಡು ಬಾ. ಬೈಯೋದಿದ್ರೆ ಬೈದು ಹೋಗ್ರಿ. ಆದ್ರೆ ಮೈಕಲ್ಲಿ ಮಾತಾಡೋದು ಕೇಳಿ ಆಮೇಲೆ ಬೈಯ್ರಿ."

* * *

ಹನ್ನೆರಡರ ಬಸ್ಸಿಗೆ ಅವರು ಬಂದರು. ಮುಂದೆ ಆಶಾ, ಅವಳ ಹೆಗಲ ಮೇಲೆ ಕೈಯಿಟ್ಟು ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲು ಸುತ್ತುವ ಜಂಪಣ್ಣ, ಅವನ ಹಿಂದೆ ಬೋರಕ್ಕ, ಹೀಗೆ ಏಳು ಜನ, ಏಳು ಬಿಳಿ ಕೋಲು. ಕೊಟ್ರಮ್ಮ ತಾನೇ ಕೈಹಿಡಿದು ಒಬ್ಬೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿದಳು.

"ಏಮ್ಮಾ, ಸತ್ತೋರ ಮುಂದೆ ಕೆಟ್ಟ ಮಾತು ಆಡಬಾರದು. ಆದ್ರೂ ನಮ್ಮ ಹೊಟ್ಟೆ ಉರಿ ಆರಿಲ್ಲ," ಎಂದ ಜಂಪಣ್ಣ.

"ಆರಬಾರ್ದು. ಇನ್ನೊಂದ್ ಚೂರು ಹೊತ್ತು ಇಟ್ಕಂಡಿರ್ರಿ."

ಓಂಕಾರಮೂರ್ತಿ ಅವರನ್ನು ನೋಡಿದ. ಕಣ್ಣು ಕಾಣದವರಿಗೆ ತನ್ನ ಗುರುತೆಲ್ಲಿ ಹತ್ತುತ್ತದೆ ಎಂದುಕೊಂಡನೋ, ಸತ್ತವನ ಗೆಳೆಯರೆಂದುಕೊಂಡನೋ, ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಸುನಕ್ಕ. ಹದಿನೈದು ವರ್ಷ ವೆಬ್‌ಸೈಟು ಮಾಡಿದವನಿಗೆ ಅಂಧರು ಹೇಗೆ ಗುರುತು ಹಿಡಿಯುತ್ತಾರೆ ಎಂಬುದು ಒಂದು ದಿನವೂ ತಲೆಗೆ ಹೋಗಿರಲಿಲ್ಲ.

ಭಜನೆ ನಿಂತಿತು. ಅವನು ಮೈಕಿನ ಮುಂದೆ ಬಂದು ನಾಲಿಗೆ ಲೊಚಗುಟ್ಟಿದ.

"ನೋಡ್ರಿ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ನಮ್ಮ ಹಾಲೇಶಣ್ಣನಂಥೋರು ಈ ತಾಲ್ಲೂಕಿನಾಗೆ..."

ಮುಂದಿನ ಸಾಲಿನಲ್ಲಿ ಒಂದು ಕೋಲು ಕೆಳಗೆ ಬಿತ್ತು. ಆಶಾ ಎದ್ದು ನಿಂತಿದ್ದಳು. ಮುಖ ಮೈಕಿನ ಕಡೆಗಿತ್ತು.

"ಹಾಲೇಶಪ್ಪಾರೇ," ಎಂದು ಕೂಗಿದಳು. "ನೀವು ಸತ್ತಿಲ್ವಾ?"

ಯಾರೋ ಹುಚ್ಚಿ ಎಂದುಕೊಂಡು ಜಯದೇವಪ್ಪ ಅವಳನ್ನು ಕೂರಿಸಲು ಬಂದ. "ಯವ್ವಾ, ಸತ್ತಿರೋನು ಹಾಲೇಶಪ್ಪ. ಈಗ ಮಾತಾಡ್ತಿರೋದು ಅವನ ತಮ್ಮ ಓಂಕಾರಮೂರ್ತಿ."

"ಅಲ್ಲ. ಫೋನಲ್ಲಿ ನಾನೇ ಹಾಲೇಶಪ್ಪ, ನಾನೂ ಕುರುಡ ಅಂತ ನನಗೆ ಹೇಳಿದ್ದು ಈ ದನಿ."

"ಹೌದು, ಇದೇ. ನಾಲಿಗೆ ಲೊಚಗುಟ್ಟೋದೂ ಇದೇ," ಜಂಪಣ್ಣ ಎದ್ದ. "ನನಗೆ ಎಲ್ಡು ಸಲ ಅಂದವ್ನೆ, ಮೂಲೆ ಹಿಡ್ದು ಕೂತ್ಕೋ ಅಂತ." ಬೋರಕ್ಕ ಎದ್ದಳು. ಒಬ್ಬರಾದ ಮೇಲೊಬ್ಬರು ಏಳೂ ಜನ ಎದ್ದು ನಿಂತರು.

"ಏನ್ ಮಾತಾಡ್ತಾವ್ರೆ ಇವ್ರು? ಯಾರ್ ಕರ್ಸಿದ್ದು ಇವ್ರನ್ನ?" ಎಂದ ಓಂಕಾರಮೂರ್ತಿ. ಬಾಯಿ ತೆರೆದಷ್ಟೂ ಕೆಟ್ಟ. ಮೈಕು ಅವನ ದನಿಯನ್ನು ಬೀದಿಯ ತುದಿಯವರೆಗೂ ಒಯ್ಯುತ್ತಿತ್ತು.

"ಹೂಂ, ಇದೇ!" ಎಂದರು ಏಳೂ ಜನ.

"ನಾನು ಕರ್ಸಿದ್ದು," ಎಂದಳು ಕೊಟ್ರಮ್ಮ. ಮೂರು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಹೊರಗೆ ಬಂದಾಗ ಅವಳಿಗೇ ಆಶ್ಚರ್ಯವಾಗುವಷ್ಟು ಮೆಲ್ಲಗಿತ್ತು. "ನಿಲ್ಲಿಸಬ್ಯಾಡ ಓಂಕಾರಪ್ಪ. ಇನ್ನೂ ಮಾತಾಡು. ನಮ್ಮನೆಯೋರ ಹೆಸರಾಗೆ ಮಾತಾಡ್ತಿದ್ಯಲ್ಲ, ಅವ್ರೂ ಇಲ್ಲೇ ಕೂತವ್ರೆ, ಕೇಳಲಿ."

ಅವನು ಮೈಕು ಬಿಟ್ಟು ಹಿಂದೆ ಸರಿದ. ಸಮಾಜದ ಹಿರಿಯರು ಒಬ್ಬರ ಕಿವಿಗೊಬ್ಬರು ಬಾಗಿದರು. ಆಶಾ ಮಾತ್ರ ಕೈಚಾಚಿ, "ಅವ್ರೆಲ್ಲವ್ರೆ? ನಿಜವಾದೋರು?" ಎಂದು ಕೇಳಿದಳು. ಕೊಟ್ರಮ್ಮ ಅವಳನ್ನು ಪಡಸಾಲೆಗೆ ಕರೆದೊಯ್ದು, ಹಾಲೇಶಪ್ಪನ ತಣ್ಣನೆಯ ಕೈಯನ್ನು ಅವಳ ಕೈಯೊಳಗಿಟ್ಟಳು. ಆಶಾ ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಅವನ ಅಂಗಿಯ ಎದೆಯ ಭಾಗವನ್ನು ಅಂಗೈಯಿಂದ ಒರೆಸಿದಳು. ಅಲ್ಲೇ ಕುಸಿದು ಅತ್ತಳು. ಆಗ ಕೊಟ್ರಮ್ಮನಿಗೂ ಅಳು ಬಂತು.

* * *

ಊರಾಚೆಯ ಹೊಲದಲ್ಲಿ ಗುಣಿ ತೋಡಿ ಇಟ್ಟಿದ್ದರು. ಅಯ್ಯನವರ ಮಂತ್ರ ಮುಗಿದು, ಹಾಲೇಶಪ್ಪನನ್ನು ಒಳಗೆ ಕೂರಿಸಿ, ವಿಭೂತಿ, ಪತ್ರೆ ಹಾಕಿದ ಮೇಲೆ ಎಲ್ಲರೂ ಮಣ್ಣು ಕೊಡುವ ಹೊತ್ತು ಬಂತು. ಮನೆಯವರಾದ ಮೇಲೆ ಏಳು ಜನ ಕೋಲಿನಿಂದ ಅಂಚು ತಡವಿಕೊಂಡು ಮಣ್ಣು ಹಾಕಿದರು. ಹಾಕಿ ಹೋಗಲಿಲ್ಲ. ಗುಣಿಯ ಅಂಚಿಗೆ ಕೋಲೂರಿಕೊಂಡು ಸಾಲಾಗಿ ನಿಂತರು.

ಮಣ್ಣು ಕೊಡದೆ ಹೋದರೆ ದಾಯಾದಿಗೆ ಸಮಾಜದಲ್ಲಿ ಮುಖವಿಲ್ಲ. ಓಂಕಾರಮೂರ್ತಿ ಒಂದು ಹಿಡಿ ತುಂಬಿಕೊಂಡು, ಸದ್ದಾಗದಂತೆ ಬರಿಗಾಲಲ್ಲಿ ಬಂದ. ಆಶಾಳ ಕೋಲಿನ ತುದಿ ಅವನ ಪಾದಕ್ಕೆ ತಾಕಿತು. ಕೋಲು ಅಲ್ಲೇ ನಿಂತಿತು.

"ಯಾರ್ರಿ ಅದು?" ಎಂದಳು ಆಶಾ. "ಹೆಸರು ಹೇಳ್ರಿ, ದಾರಿ ಬಿಡ್ತೀವಿ."

ಅವನು ಬಾಯಿ ತೆರೆದ. ಏಳು ಮುಖಗಳು ಅವನ ಕಡೆ ಕಿವಿಗೊಟ್ಟು ತಿರುಗಿದ್ದವು. ಬಾಯಿ ಮುಚ್ಚಿದ. ಎದುರಿಗೆ ನಿಂತಿದ್ದ ಕೊಟ್ರಮ್ಮನ ಕಡೆ ನೋಡಿದ.

"ಯಾರ್ರಿ?"

ಬಿಗಿ ಹಿಡಿದ ಮುಷ್ಟಿಯ ಸಂದಿಯಿಂದ ಮಣ್ಣು ಸಣ್ಣಗೆ ಜಾರಿ, ಅವನದೇ ಕಾಲಿನ ಮೇಲೆ ಬೀಳತೊಡಗಿತು.