ಗೋಡೆಯ ಮೇಲಿನ ಬಿಟ್ಟಿ ಡಬ್ಬಿ

ಕೇಕಿನ ಎರಡನೆಯ ಅಂತಸ್ತಿನ ಬೆಣ್ಣೆ ಗುಲಾಬಿಗಳು ಹೊಳೆಯತೊಡಗಿದಾಗಲೇ ಗ್ರಿಸೆಲ್ಡಾಗೆ ಮನೆಯ ತಂಪು ನಿಂತುಹೋಗಿದೆ ಎಂದು ಗೊತ್ತಾದದ್ದು. ಬೆಣ್ಣೆ ಕ್ರೀಮು ಹೊಳೆಯಿತೆಂದರೆ ಬೆವರಿತು ಎಂದರ್ಥ. ಬೆವರಿದ್ದು ಜಾರುವುದಕ್ಕೆ ಹೆಚ್ಚು ಹೊತ್ತು ಬೇಡ. ಕ್ರೀಮಿನ ಚೀಲ ಕೆಳಗಿಟ್ಟು ಹಜಾರಕ್ಕೆ ಓಡಿದಳು. ತಂಪು ಎಷ್ಟಿರಬೇಕೆಂದು ಹೇಳುವ ಗೋಡೆಯ ಡಬ್ಬಿಯಲ್ಲಿ ಬೆಳಿಗ್ಗೆ ಅವಳು ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟದ್ದು ತಾನಾಗಿಯೇ ಎಂಬತ್ತೈದಕ್ಕೆ ಏರಿ ಕೂತಿತ್ತು. ಕೆಳಗೊಂದು ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ಬರಹ: ಏಳು ಗಂಟೆಯವರೆಗೆ ನೀವು ವಿದ್ಯುತ್ ಉಳಿಸುತ್ತಿದ್ದೀರಿ, ಧನ್ಯವಾದ.

ಬಟನ್ ಒತ್ತಿದರೆ ಗುಪ್ತ ಸಂಖ್ಯೆ ಕೇಳಿತು. ಅದು ಅವಳಿಗೆ ಗೊತ್ತಿರಲಿಲ್ಲ.

ಹೊರಗೆ ಅಮೆರಿಕದ ಮರಳುಗಾಡಿನ ಊರು ಫೀನಿಕ್ಸಿನ ಜುಲೈ ಬಿಸಿಲು. ಇಂಥ ಮಧ್ಯಾಹ್ನ ಊರಿಗೆ ಊರೇ ತಂಪಿನ ಯಂತ್ರ ಹಾಕಿಕೊಂಡು ಕೂತಾಗ ಕರೆಂಟು ಕಂಪನಿಗೆ ಏದುಸಿರು ಬರುತ್ತದೆ. ಆಗ ಅದು ಕೂತಲ್ಲಿಂದಲೇ ಜನರ ಮನೆಯ ಗೋಡೆಗೆ ಕೈ ಹಾಕಿ ತಂಪು ಕಡಿಮೆ ಮಾಡುತ್ತದೆ. ಒಪ್ಪಿದವರ ಮನೆಯ ಗೋಡೆಗೆ ಮಾತ್ರ ಅನ್ನುತ್ತದೆ. ಈ ಮನೆಯಲ್ಲಿ ಒಪ್ಪಿದವನು ಅವಳ ಗಂಡ ರಮೀರೊ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ. ಡಬ್ಬಿ ಪುಕ್ಕಟೆ ಬಂತು, ಸಹಿ ಹಾಕಿದ. ಆಮೇಲೆ ಇನ್ನೊಬ್ಬಳ ಮನೆ ಸೇರಿಕೊಂಡ. ಕರೆಂಟಿನ ಖಾತೆ, ಗುಪ್ತ ಸಂಖ್ಯೆ ಎಲ್ಲ ಅವನ ಫೋನಿನಲ್ಲೇ ಹೋದವು. ಬಿಲ್ಲು ಮತ್ತು ಅವನ ತಾಯಿ ಇವಳ ಪಾಲಿಗೆ ಉಳಿದರು.

ಕಂಪನಿಗೆ ಫೋನು ಮಾಡಿದಳು. ಖಾತೆದಾರರೇ ಮಾತಾಡಬೇಕು ಎಂದು ಯಂತ್ರದ ಹೆಂಗಸು ನಯವಾಗಿ ಹೇಳಿತು. ಗ್ರಿಸೆಲ್ಡಾಗೆ ಅದರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಕೆನ್ನೆ ಇರಲಿಲ್ಲ.

"ಅವನಿಗೇ ಮಾಡು," ಅಂದಳು ಅತ್ತೆ ಯೂಫೇಮಿಯಾ ಕುರ್ಚಿಯಿಂದ. "ಗಂಡನ್ನ ಉಳಿಸ್ಕೊಳ್ಳೋಕೆ ಬರ್ಲಿಲ್ಲ, ಫೋನ್ ಮಾಡೋಕೂ ಬರಲ್ವಾ?"

"ಅವನ ಹತ್ರ ನಾನು ಏನೂ ಕೇಳಲ್ಲ ಅತ್ತೆ."

"ಹಾಗಾದ್ರೆ ಕೇಕನ್ನ ಲೋಟದಲ್ಲಿ ಹಾಕಿ ಕೊಡು. ಕುಡೀಲಿ ಎಲ್ರೂ."

ಹೋಟೆಲಿನ ಬಟ್ಟೆ ಒಗೆಯುವ ಕೆಲಸ ಬಿಟ್ಟ ಮೇಲೆ ಗ್ರಿಸೆಲ್ಡಾಗೆ ಸಿಕ್ಕ ಮೊದಲ ದೊಡ್ಡ ಕೇಕು ಅದು, ಚರ್ಚಿನವರೊಬ್ಬರ ಮಗಳು ಯಾರೆತ್ಸಿಯ ಹದಿನೈದು ತುಂಬಿದ ಹಬ್ಬಕ್ಕೆ; ಅವರಲ್ಲಿ ಅದು ಮದುವೆಯಷ್ಟೇ ದೊಡ್ಡದು. ಆರಕ್ಕೆ ವ್ಯಾನು ಬರುತ್ತದೆ. ಇದು ಕುಸಿದರೆ ಆ ಚರ್ಚಿನ ಬಾಗಿಲು ಅವಳಿಗೆ ಮುಚ್ಚಿದ ಹಾಗೇ. ಮೂರು ಅಂತಸ್ತೂ ಕೂಡಿಸಿಯಾಗಿತ್ತು. ಮನೆಯ ಫ್ರಿಜ್ಜಿಗೆ ಅದು ಹಿಡಿಸುವಂತಿರಲಿಲ್ಲ. ಒಂದು ಗುಲಾಬಿ ಕತ್ತು ವಾಲಿಸಿತು. ಗ್ರಿಸೆಲ್ಡಾ ರಮೀರೊಗೇ ಫೋನು ಹಚ್ಚಿ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಎರಡೂ ಕೈ ಗುಲಾಬಿಗೆ ಬೇಕಾಗಿದ್ದವು.

"ಏನ್ರೀ ಮಹಾರಾಣಿ," ಅಂದ ರಮೀರೊ. ಹಿಂದೆ ಟಿವಿಯಲ್ಲಿ ಚೆಂಡಾಟದ ಗದ್ದಲ.

"ತಂಪು ನಿಲ್ಸಿದಾರೆ. ನಿನ್ನ ಫೋನಲ್ಲಿ ಮತ್ತೆ ಬಿಡೋಕೆ ಬರತ್ತಲ್ಲ, ಬಿಡು."

"ಬಿಟ್ರೆ ಉಳಿತಾಯಕ್ಕೆ ಅಂತ ಕಂಪನಿಯವರು ನನಗೆ ಕೊಡೋ ದುಡ್ಡು ಹೋಗತ್ತೆ."

"ಅದನ್ನ ನಾನು ಕೊಡ್ತೀನಿ."

"ದುಡ್ಡು ಬೇಡ. ನೆನಪಿದ್ಯಾ, ನಾನು ಹೊರಟಾಗ ನೀನು ಏನಂದಿದ್ದೆ? ನೀನಿಲ್ದೆ ಮನೆ ಹೂವಿನ ಹಾಗೆ ನಡಿಯತ್ತೆ ಅಂದಿದ್ದೆ. ಈಗ ನಡಿಯಲ್ಲ ಅನ್ನು. ಬಿಡ್ತೀನಿ."

ಅತ್ತೆ ತಲೆ ಎತ್ತಿದಳು. "ರಮೀರೊ, ಇಲ್ಲಿ ನನಗೂ ಉಸಿರು ಕಟ್ತಿದೆ ಕಣೋ."

"ಅವಳು ಹೇಳ್ಕೊಟ್ಟಿದ್ದನ್ನ ಹೇಳ್ಬೇಡಮ್ಮ. ಒದ್ದೆ ಬಟ್ಟೆ ಹಾಕ್ಕೊಂಡು ಮಲಕ್ಕೋ."

ಮುದುಕಿ ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಕೇಕಿನ ಮಗ್ಗುಲಲ್ಲಿ ಕ್ರೀಮು ಮೆಲ್ಲಗೆ ಹೊಟ್ಟೆ ಬಿಡುತ್ತಿತ್ತು. "ನೀನಿಲ್ದೆ ಮನೆ ನಡಿಯಲ್ಲ," ಅಂದಳು ಗ್ರಿಸೆಲ್ಡಾ.

"ಕೇಳಿಸ್ಲಿಲ್ಲ."

ಇನ್ನೊಮ್ಮೆ, ಗಟ್ಟಿಯಾಗಿ ಅಂದಳು. ಅವನು ನಕ್ಕ. ಸ್ವಲ್ಪ ಹೊತ್ತಿಗೆ ಸೂರಿನ ಮೇಲಿನ ತಂಪಿನ ಯಂತ್ರ ಗುಡುಗುಟ್ಟಿ ಎದ್ದಿತು.

"ಯಾಕಂದೆ?" ಅತ್ತೆ ಸಿಡುಕಿದಳು. "ಹೋದ್ರೆ ಒಂದು ಕೇಕು ಹೋಗ್ತಿತ್ತು."

"ಅಂದಿದ್ದು ಬಾಯಿ, ಅತ್ತೆ. ಈ ಕೇಕು ಮಾಡಿದ್ದು ಕೈ." ಅವಳ ಕಣ್ಣಲ್ಲಿ ನೀರಿತ್ತು, ಆದರೆ ಕೈ ಚಾಕುವಿನಿಂದ ಕ್ರೀಮು ನೇರ ಮಾಡುತ್ತಲೇ ಇತ್ತು.

ರಮೀರೊ ಇನ್ನೂ ಫೋನಿನಲ್ಲೇ ಇದ್ದ. ಹೆಂಡತಿಯನ್ನು ಬಿಟ್ಟರೂ ಭಾನುವಾರ ಬೆಳಿಗ್ಗೆ ತಾಯಿ ಮಾಡುವ ಬೋಟಿ ಸಾರನ್ನು ಅವನು ಬಿಟ್ಟಿರಲಿಲ್ಲ. "ಅಮ್ಮ, ನಾಳೆ ಖಾರ ಸ್ವಲ್ಪ ಜಾಸ್ತಿ ಹಾಕು. ಬೇಗ ಬರ್ತೀನಿ."

"ನಾಳೆ ಒಲೆ ಹಚ್ಚಲ್ಲ," ಅಂದಳು ಯೂಫೇಮಿಯಾ.

"ಯಾಕೆ?"

"ಸೆಖೆ."

"ಈಗ ತಂಪು ಬಿಟ್ಟೆನಲ್ಲಮ್ಮ."

"ನನಗೆ ಸೆಖೆ ಕಣಪ್ಪ. ಮುಂದಿನ ಭಾನುವಾರಾನೂ ಸೆಖೆ ಇರತ್ತೆ."

ಅವನು ಏನೋ ಹೇಳುತ್ತಿದ್ದ. ಗ್ರಿಸೆಲ್ಡಾ ಕ್ರೀಮು ಅಂಟಿದ ಬೆರಳಿನಿಂದ ಫೋನು ಕಟ್ ಮಾಡಿದಳು. ಸೂರಿನ ತಂಪಿನ ಕಿಂಡಿಯಿಂದ ತಣ್ಣನೆಯ ಗಾಳಿ ನೇರ ಕುರ್ಚಿಯ ಮೇಲೇ ಬೀಳುತ್ತಿತ್ತು. ಮುದುಕಿ ಶಾಲು ತೆಗೆದುಕೊಂಡು ಹೆಗಲ ತುಂಬ ಹೊದ್ದು, ತುದಿಗಳನ್ನು ಎದೆಯ ಹತ್ತಿರ ಬಿಗಿಯಾಗಿ ಹಿಡಿದು ಕೂತಳು.